ಹೊಸ ಎಂಜಿನ್ನಿನ ತೈಲವ್ಯಯ: ಸಹಜವೆಂಬುದರ ಅಳತೆ

ಸಕಲೇಶಪುರದಿಂದ ಶಿರಾಡಿ ಘಾಟಿಯನ್ನಿಳಿದು ಗುಂಡ್ಯವನ್ನು ಸೇರಿದ ಮೇಲೆ, ರಸ್ತೆಬದಿಯ ಹೋಟೆಲೊಂದರ ಮುಂದಿನ ಸಮನೆಲದಲ್ಲಿ ಕಾರನ್ನು ನಿಲ್ಲಿಸಿ ನಮ್ಮ ಭಾವನವರು ಬಾನೆಟ್ಟನ್ನೆತ್ತಿದರು. ಘಾಟಿಯ ಕೊನೆಯ ತಿರುವುಗಳಲ್ಲಿ ಎರಡು ಸಲ, ಎಣ್ಣೆಯ ಕುಡಿಕೆಯ ಚಿತ್ರವುಳ್ಳ ಕೆಂಪು ದೀಪವು ಕ್ಷಣಕಾಲ ಹತ್ತಿ ಆರಿತ್ತು. ಹತ್ತು ನಿಮಿಷ ಕಾದು, ಆಯಿಲ್ ನೋಡುವ ಕಡ್ಡಿಯನ್ನೆಳೆದು, ಹಳೆಯ ಪಂಚೆಯ ಚೂರಿನಿಂದ ಒರೆಸಿ, ಮತ್ತೆ ಇಳಿಬಿಟ್ಟು, ಮತ್ತೆ ಎಳೆದು ಬೆಳಕಿಗೆ ಹಿಡಿದರು. ಆ ಕಡ್ಡಿಯಲ್ಲಿ ಮೇಲಿನದೊಂದು ಕೆಳಗಿನದೊಂದು ಎಂದು ಎರಡು ಗುರುತುಗಳಿರುತ್ತವಷ್ಟೆ. ಆ ಎರಡರ ನಡುವೆ ಎಲ್ಲಿಯೂ ಎಣ್ಣೆಯ ಪಸೆ ಇರಲಿಲ್ಲ, ಕೆಳಗಿನ ಗುರುತಿಗೂ ಕೆಳಗೆ, ಮೊನೆಯಲ್ಲಿ, ಕಪ್ಪು ಹನಿಯೊಂದು ಮಾತ್ರ ತೂಗುತ್ತಿತ್ತು. ಕಾರು ಕೊಂಡು ಮೂರು ವರ್ಷ ತುಂಬಿರಲಿಲ್ಲ. ಓಡಿದ್ದು 26,000 ಕಿಲೋಮೀಟರು. ಸರ್ವಿಸ್ ಮಾಡಿಸಿ ನಾಲ್ಕು ಲೀಟರು ಹೊಸ ಆಯಿಲ್ ತುಂಬಿಸಿದ ಮೇಲೆ ಓಡಿದ್ದು ಕೇವಲ 3,500. ಮನೆಯ ಅಂಗಳದಲ್ಲಿ ಸೋರಿದ ಕಲೆಯನ್ನಾಗಲಿ, ಸೈಲೆನ್ಸರಿನಲ್ಲಿ ನೀಲಿ ಹೊಗೆಯನ್ನಾಗಲಿ ಯಾರೂ ಕಂಡಿರಲಿಲ್ಲ. “ಎಲ್ಲಿ ಹೋಯಿತು ಮಾರಾಯ, ಅಷ್ಟೂ ಎಣ್ಣೆ?” ಎಂದು ಅವರು ಕೇಳಿದರು.

ಈ ಲೇಖನವು ಆ ಪ್ರಶ್ನೆಯ ಸಮೀಕ್ಷೆ. ಎಂಜಿನ್ ಆಯಿಲ್ ತಿನ್ನುವುದು ಮುದಿ ಗಾಡಿಗಳ ರೋಗ, ಬೋರ್ ಸವೆದು ರಿಂಗು ಹೋದ ಮೇಲೆ ಬರತಕ್ಕ ವಾರ್ಧಕ್ಯದ ಲಕ್ಷಣ ಎಂಬುದು ನಮ್ಮಲ್ಲಿ ರೂಢಮೂಲವಾದ ನಂಬಿಕೆ. ಆದರೆ ಕಳೆದ ಎರಡು ದಶಕಗಳಲ್ಲಿ, ಜಗತ್ತಿನ ಅತ್ಯಂತ ಪ್ರತಿಷ್ಠಿತ ಕಾರ್ಖಾನೆಗಳಿಂದ ಹೊರಬಂದ ಹೊಸ ಕಾರುಗಳಲ್ಲಿಯೇ, ಇನ್ನೂ ಪಾಲಿಶ್ ಮಾಸದ ಪ್ರಾಯದಲ್ಲಿಯೇ, ಈ ವ್ಯಯವು ಕಾಣಿಸಿಕೊಂಡಿರುವುದು ದಾಖಲೆಗೆ ಸೇರಿದ ಸಂಗತಿ. ದೂರು ಒಯ್ದವನಿಗೆ ದೊರೆಯುವ ಉತ್ತರ ಮಾತ್ರ ಎಲ್ಲ ಕಡೆಯೂ ಒಂದೇ: “ಇದು ಸಹಜ.” ಸಹಜವೆಂಬುದನ್ನು ನಿರ್ಣಯಿಸುವವರು ಯಾರು, ಯಾವ ಅಳತೆಯಿಂದ ನಿರ್ಣಯಿಸುತ್ತಾರೆ, ಆ ಅಳತೆಯು ಕೊಂಡವನ ಕೈಗೂ ಬರಬೇಕಾದರೆ ಅವನು ಏನು ಮಾಡಬೇಕು ಎಂಬುದೇ ಇಲ್ಲಿ ವಿಚಾರಿಸಬೇಕಾದ ಮುಖ್ಯ ವಿಷಯವೆಂದು ನನ್ನ ಭಾವನೆ.

ಯಾವ ಎಂಜಿನ್ನೂ ಸ್ವಲ್ಪವೂ ಎಣ್ಣೆ ಸುಡದೆ ಓಡಲಾರದೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸಿಲಿಂಡರಿನ ಗೋಡೆಯ ಮೇಲೆ ಎಣ್ಣೆಯ ತೆಳುವಾದ ಪೊರೆಯಿದ್ದರೆ ಮಾತ್ರ ಪಿಸ್ಟನ್ನು ಲೋಹಕ್ಕೆ ಲೋಹ ತಾಗದಂತೆ ಜಾರಬಲ್ಲದು. ಆ ಪೊರೆಯ ಅಲ್ಪಾಂಶವು ಪ್ರತಿಯೊಂದು ಸ್ಫೋಟದಲ್ಲಿಯೂ ಸುಡುವುದು ಅನಿವಾರ್ಯ. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ನಾಲ್ಕು ಸಿಲಿಂಡರಿನ ಕಾರೊಂದು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ನಿಮಿಷಕ್ಕೆ 2,000 ಸುತ್ತು ತಿರುಗುತ್ತ, 1,000 ಕಿಲೋಮೀಟರು ಓಡಿತೆನ್ನಿ. ಅಷ್ಟು ದೂರಕ್ಕೆ ಎಂಜಿನ್ನು 20 ಲಕ್ಷ ಸುತ್ತು ತಿರುಗುತ್ತದೆ, 40 ಲಕ್ಷ ಸಲ ಪೆಟ್ರೋಲು ಉರಿಯುತ್ತದೆ. ಈ ದೂರದಲ್ಲಿ ಒಂದು ಲೀಟರು ಆಯಿಲ್ ಕಾಣೆಯಾದರೂ, ಒಂದೊಂದು ಉರಿಗೆ ಹೋದದ್ದು ಒಂದು ಘನ ಮಿಲಿಮೀಟರಿನ ಕಾಲುಭಾಗ, ಎಂದರೆ ಒಂದು ರಾಗಿಕಾಳಿನ ಸಣ್ಣದೊಂದು ಚೂರು ಮಾತ್ರ. ದೋಷಕ್ಕೂ ಸಹಜಕ್ಕೂ ನಡುವಣ ಅಂತರವು ಇಂತಹ ಸೂಕ್ಷ್ಮದಲ್ಲಿ ಅಡಗಿರುವುದರಿಂದಲೇ, ಕಣ್ಣಳತೆಯಿಂದಲೋ ಕಿವಿಯಿಂದಲೋ ಇದನ್ನು ಹಿಡಿಯಲಾಗದು; ಸಾವಿರಾರು ಕಿಲೋಮೀಟರುಗಳ ಮೇಲೆ ಕೂಡಿಸಿ ಅಳೆಯದ ಹೊರತು ಇದು ತನ್ನನ್ನು ತೋರಿಸಿಕೊಳ್ಳುವುದೇ ಇಲ್ಲ.

ಹಾಗಾದರೆ ಎಷ್ಟು ಸಹಜ? ತಯಾರಕರನ್ನು ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅಮೆರಿಕದಲ್ಲಿ ಟೊಯೋಟ ಸಂಸ್ಥೆಯು ತನ್ನ 2.4 ಲೀಟರಿನ ಎಂಜಿನ್ನಿಗೆ ಇಟ್ಟುಕೊಂಡ ಮಿತಿ 1,200 ಮೈಲಿಗೆ ಒಂದು ಕ್ವಾರ್ಟು. ಇದು ನಮ್ಮ ಲೆಕ್ಕದಲ್ಲಿ 1,000 ಕಿಲೋಮೀಟರಿಗೆ ಸುಮಾರು ಅರ್ಧ ಲೀಟರು. ಅದೇ ದೇಶದಲ್ಲಿ ಸುಬಾರು ಸಂಸ್ಥೆಯು ಅದೇ 1,200 ಮೈಲಿಗೆ ಕ್ವಾರ್ಟಿನ ಮೂರನೆಯ ಒಂದು ಪಾಲನ್ನು ದಾಟಿದರೆ ದುರಸ್ತಿಗೆ ಅರ್ಹವೆಂದಿತು. ವೋಕ್ಸ್‌ವ್ಯಾಗನ್ ಸಮೂಹದ ಅನೇಕ ಕೈಪಿಡಿಗಳು 1,000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೂ ಆಗಬಹುದೆಂದು ಹೇಳುತ್ತವೆ. ಔಡಿ, ಬಿಎಂಡಬ್ಲ್ಯುಗಳು 600–700 ಮೈಲಿಗೆ ಒಂದು ಕ್ವಾರ್ಟನ್ನು ಸಮಂಜಸವೆಂದು ಭಾವಿಸುತ್ತವೆಯೆಂಬುದನ್ನು ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕಪತ್ರಿಕೆ 2015ರಲ್ಲಿ ಬಯಲಿಗೆ ತಂದಿತು. ಇದು 1,000 ಕಿಲೋಮೀಟರಿಗೆ ಲೀಟರಿನ ಸಮೀಪಕ್ಕೆ ಹೋಗುತ್ತದೆ. ಹೀಗೆ, ಒಂದು ಕಾರ್ಖಾನೆಯು ಎಂಜಿನ್ ಬಿಚ್ಚಿ ಸರಿಪಡಿಸಿಕೊಡಬೇಕಾದ ದೋಷವೆಂದು ಒಪ್ಪಿದ ಪ್ರಮಾಣದ ಐದಾರು ಪಟ್ಟನ್ನು ಮತ್ತೊಂದು ಕಾರ್ಖಾನೆಯು ಸ್ವಭಾವವೆಂದು ಕರೆಯುತ್ತದೆ. ಅರ್ಧ ಲೀಟರೆಂಬ ಮಿತಿಯನ್ನೇ ತೆಗೆದುಕೊಳ್ಳಿ: 10,000 ಕಿಲೋಮೀಟರಿಗೊಮ್ಮೆ ಸರ್ವಿಸ್ ಎಂದಾದರೆ, ಅಷ್ಟರೊಳಗೆ ಐದು ಲೀಟರು ಹೋಗಬಹುದೆಂದಾಯಿತು, ಎಂಜಿನ್ನಿನ ಹೊಟ್ಟೆ ಹಿಡಿಯುವುದು ನಾಲ್ಕೇ ಲೀಟರು. ನಡುವೆ ತೆರೆದು ನೋಡುವ ಅಗತ್ಯವಿಲ್ಲವೆಂಬ ಭರವಸೆಯೊಡನೆ ಮಾರಿದ ಗಾಡಿಗೆ ಇಂತಹ ಮಿತಿ ಹೊಂದತಕ್ಕದ್ದೇ ಎಂಬುದನ್ನು ಓದುಗರೇ ಯೋಚಿಸಬಹುದು.

ವಿಷಯದ ಮರ್ಮವಿರುವುದು ಪಿಸ್ಟನ್ನಿನ ರಿಂಗುಗಳಲ್ಲಿ. ಆದಕಾರಣ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪಿಸ್ಟನ್ನಿನ ಮೈಯ ತೋಡುಗಳಲ್ಲಿ ಸಾಮಾನ್ಯವಾಗಿ ಮೂರು ರಿಂಗುಗಳು ಕುಳಿತಿರುತ್ತವೆ. ಮೇಲಿನೆರಡು ಮುಖ್ಯವಾಗಿ ಉರಿಯುವ ಅನಿಲದ ಒತ್ತಡವನ್ನು ತಡೆಯತಕ್ಕವು. ಮೂರನೆಯದು ಆಯಿಲ್ ರಿಂಗು. ಇದು ಬಹುಮಟ್ಟಿಗೆ ಎರಡು ತೆಳುವಾದ ಉಕ್ಕಿನ ಬಳೆಗಳೂ ಅವುಗಳ ನಡುವೆ ಸುಕ್ಕುಸುಕ್ಕಾದ ಒಂದು ಸ್ಪ್ರಿಂಗೂ ಸೇರಿ ಆದದ್ದು. ಪಿಸ್ಟನ್ನು ಕೆಳಗಿಳಿಯುವಾಗಲೆಲ್ಲ ಗೋಡೆಯ ಮೇಲಿನ ಹೆಚ್ಚುವರಿ ಎಣ್ಣೆಯನ್ನು ಬಳಿದು, ತನ್ನ ಬೆನ್ನ ಹಿಂದೆ ತೋಡಿನಲ್ಲಿ ಕೊರೆದಿರುವ ಸಣ್ಣ ರಂಧ್ರಗಳ ಮೂಲಕ ಕೆಳಗಿನ ಎಣ್ಣೆಯ ಚೇಂಬರಿಗೆ ಹಿಂದಿರುಗಿಸುವುದೇ ಇದರ ಉದ್ಯೋಗ. ಹಳೆಯ ಕಾಲದ ಎಂಜಿನ್ನುಗಳಲ್ಲಿ ಈ ರಿಂಗು ದಪ್ಪನಾಗಿದ್ದು ಗೋಡೆಯನ್ನು ಬಲವಾಗಿ ಒತ್ತುತ್ತಿತ್ತು. ಈಗಿನದು ಒಂದೂವರೆ–ಎರಡು ಮಿಲಿಮೀಟರಿನಷ್ಟು ಎತ್ತರವಿದ್ದು, ಮೃದುವಾಗಿ ಒತ್ತುತ್ತದೆ. ಎಂಜಿನ್ನಿನೊಳಗಿನ ಘರ್ಷಣೆಯ ದೊಡ್ಡ ಪಾಲು ಈ ಪಿಸ್ಟನ್ನು ಮತ್ತು ರಿಂಗುಗಳದೇ ಆಗಿರುವುದರಿಂದ, ಒತ್ತಡವನ್ನು ಇಳಿಸಿದರೆ ಪೆಟ್ರೋಲು ಉಳಿಯುತ್ತದೆ. ಹಾಗೆ ಇಳಿಸಿದ ಮೇಲೆ, ಆ ಸೌಮ್ಯವಾದ ರಿಂಗು ತನ್ನ ತೋಡಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಆಡುತ್ತಿರುವವರೆಗೆ ಮಾತ್ರ ಕೆಲಸ ಮಾಡಬಲ್ಲದು. ಅಡ್ಡಿ ಬಂದರೆ ಅದನ್ನು ಮೀರುವ ಕಸುವು ಅದಕ್ಕಿಲ್ಲ.

ಅಡ್ಡಿ ಬರುವುದು ಎಣ್ಣೆಯಿಂದಲೇ. ದೋಸೆಯ ಕಾವಲಿಯ ಅಂಚಿನಲ್ಲಿ ದಿನದಿನವೂ ಉಳಿದ ಎಣ್ಣೆಯು ಕಾದು ಕಾದು ಮೊದಲು ಜೇನುಬಣ್ಣದ ಅಂಟಾಗಿ, ಅನಂತರ ಉಗುರಿಗೂ ಏಳದ ಕರಿಯ ಹಕ್ಕಳೆಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪಿಸ್ಟನ್ನಿನ ತೋಡಿನಲ್ಲಿ ನಡೆಯುವುದೂ ಅದೇ. ಹಕ್ಕಳೆಯು ರಿಂಗನ್ನು ಹಿಡಿದುಕೊಳ್ಳುತ್ತದೆ, ರಂಧ್ರಗಳನ್ನು ಮುಚ್ಚುತ್ತದೆ. ಬಳಿದ ಎಣ್ಣೆಯು ಹಿಂದಿರುಗುವ ದಾರಿಯಿಲ್ಲದೆ ಮೇಲೇರಿ ಸುಡುತ್ತದೆ. ಸುಟ್ಟ ಎಣ್ಣೆ ಇನ್ನಷ್ಟು ಹಕ್ಕಳೆಯಾಗುತ್ತದೆ. ಇತ್ತ ಚೇಂಬರಿನಲ್ಲಿ ಉಳಿದ ಎಣ್ಣೆ ಕಡಮೆಯಾದಷ್ಟೂ ಅದೇ ಶಾಖವನ್ನು ಹೊರಬೇಕಾದ ಹನಿಗಳು ಕಡಮೆಯಾಗಿ, ಅದು ಬೇಗ ಮುದಿಯಾಗುತ್ತದೆ. ತಿಂಗಳಿಂದ ತಿಂಗಳಿಗೆ ವ್ಯಯದ ವೇಗವು ಏರುವುದು ಈ ಚಕ್ರದಿಂದ. ಇಂದು ಮಿತಿಯೊಳಗಿದೆಯೆಂಬ ಸಮಾಧಾನವು ಬಹುಕಾಲ ಬಾಳುವುದಿಲ್ಲವೆಂಬುದಕ್ಕೂ ಇದೇ ಕಾರಣ.

ಇಂಧನ ಉಳಿಸಬೇಕೆಂಬ ಒತ್ತಾಯ ತಯಾರಕರ ಮೇಲೆ ಸುಮ್ಮನೆ ಬಂದದ್ದಲ್ಲ. 1973ರ ತೈಲನಿರ್ಬಂಧದ ಬಿಸಿ ತಾಗಿದ ಅಮೆರಿಕವು 1975ರಲ್ಲಿ ಕಾರುಗಳ ಸರಾಸರಿ ಮೈಲೇಜಿನ ಕಾನೂನನ್ನು ಮಾಡಿತು. ನಮ್ಮ ದೇಶದಲ್ಲಿಯೂ ಕಂಪನಿಯೊಂದರ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ವಿಸರ್ಜನೆಗೆ 2017–18ರಿಂದ ಕಿಲೋಮೀಟರಿಗೆ 130 ಗ್ರಾಮು, 2022–23ರಿಂದ 113 ಗ್ರಾಮು ಎಂಬ ಮಿತಿ ಬಂದಿದೆ. ಈ ಮಿತಿಗಳು ಲೋಕಹಿತಕ್ಕಾಗಿ ಬಂದವು, ಬರಬೇಕಾಗಿದ್ದವು. ಆದರೆ ಅವುಗಳನ್ನು ಮುಟ್ಟಲು ತುಳಿದ ದಾರಿಗಳಲ್ಲಿ ಮೃದುವಾದ ರಿಂಗು ಒಂದು, ನೀರಿನಂತಹ ತೆಳುವಾದ 0ಡಬ್ಲ್ಯು-20, 0ಡಬ್ಲ್ಯು-16 ಆಯಿಲುಗಳು ಇನ್ನೊಂದು, ಸಣ್ಣ ಎಂಜಿನ್ನಿಗೆ ಟರ್ಬೊ ಕಟ್ಟಿ ದೊಡ್ಡದರ ಕೆಲಸ ತೆಗೆಯುವುದು ಮತ್ತೊಂದು. ತೆಳುವಾದ ಆಯಿಲ್ ಬೇಗ ಆವಿಯಾಗುವ ಸ್ವಭಾವದ್ದು. ಅದನ್ನು ಅಳೆಯಲು ನೋವಾಕ್ ಎಂಬ ಪರೀಕ್ಷೆಯಿದೆ. 250 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ ತೂಕ ಎಷ್ಟು ಇಳಿಯಿತೆಂದು ನೋಡುತ್ತಾರೆ. ಶೇಕಡ 15ರವರೆಗೆ ಇಳಿಯುವುದಕ್ಕೆ ಅಮೆರಿಕದ ಮಾನದಂಡದಲ್ಲಿ ಅವಕಾಶವಿದೆ. ಪೆಟ್ರೋಲಿನ ಉಳಿತಾಯ ಪರೀಕ್ಷಾಗಾರದ ಕಾಗದದಲ್ಲಿ ಕಾಣುತ್ತದೆ, ಆಯಿಲಿನ ವೆಚ್ಚ ಯಾವ ಕಾಗದದಲ್ಲಿಯೂ ಕಾಣದೆ ಕೊಂಡವನ ಮನೆಗೆ ಬರುತ್ತದೆ. ನನಗೆ ಇಡೀ ಪ್ರಕರಣದಲ್ಲಿ ಅನ್ಯಾಯವೆಂದು ತೋರುವ ಅಂಶ ಇದು.

ಎಣ್ಣೆ ಹೋಗಲು ರಿಂಗಲ್ಲದೆ ಬೇರೆ ದಾರಿಗಳೂ ಉಂಟು. ಎಂಜಿನ್ನಿನ ಒಳಗಿನ ಹಬೆಯನ್ನು ಹೊರಗೆ ಬಿಡದೆ ಉರಿಯುವ ಗಾಳಿಯೊಡನೆ ಸೇರಿಸುವ ಪಿಸಿವಿ ವಾಲ್ವ್ ಎಂಬುದೊಂದಿದೆ. ಅದರ ರಬ್ಬರಿನ ಪರದೆ ಹರಿದರೆ ಹಬೆಯೊಡನೆ ಎಣ್ಣೆಯೂ ಎಳೆದುಕೊಂಡು ಹೋಗುತ್ತದೆ. ಇದು ಬಹುಪಾಲು ಕಾರುಗಳಲ್ಲಿ ಅಗ್ಗದ ಭಾಗ, ಬದಲಿಸುವುದು ಸುಲಭ. ಆದುದರಿಂದ ಮೊದಲು ನೋಡತಕ್ಕದ್ದು ಇದನ್ನೇ. ಟರ್ಬೊದ ಸೀಲು ಸವೆದರೆ ಎಣ್ಣೆ ಗಾಳಿಯ ಕೊಳವೆಗೋ ಹೊಗೆಯ ಕೊಳವೆಗೋ ಇಳಿಯುತ್ತದೆ. ವಾಲ್ವುಗಳ ಕಾಂಡಕ್ಕೆ ತೊಡಿಸಿದ ರಬ್ಬರ್ ಸೀಲುಗಳು ಒರಟಾದರೆ, ರಾತ್ರಿಯೆಲ್ಲ ತೊಟ್ಟಿಕ್ಕಿದ ಎಣ್ಣೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣ ಒಂದು ಉಸಿರು ನೀಲಿ ಹೊಗೆಯಾಗಿ ಬಂದು ನಿಲ್ಲುತ್ತದೆ. ನಮ್ಮ ಘಾಟಿರಸ್ತೆಗಳು ಇಂತಹ ದೋಷಗಳ ಪರೀಕ್ಷೆಯನ್ನು ತಾವಾಗಿಯೇ ಮಾಡಿಕೊಡುತ್ತವೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಗಾಡಿಯನ್ನು ಬಿಟ್ಟಾಗ, ಗಾಳಿಯ ಬಾಗಿಲು ಮುಚ್ಚಿದ ಸಿಲಿಂಡರು ಎಳೆಯುವ ಎಳೆತವು ಎಣ್ಣೆಯನ್ನು ರಿಂಗಿನ ಕೆಳಗಿನಿಂದಲೂ ವಾಲ್ವಿನ ಬದಿಯಿಂದಲೂ ಹೀರುತ್ತದೆ. ಬುಡ ಮುಟ್ಟಿ ಮತ್ತೆ ಆಕ್ಸಿಲರೇಟರ್ ತುಳಿದಾಗ ಹಿಂದಿನ ಗಾಡಿಯವನಿಗೆ ನೀಲಿ ಹೊಗೆ ಕಾಣಿಸಿದರೆ ಸಂದೇಹ ನಿಜವೆನ್ನಬಹುದು. ಆದರೆ ಕಾಣದಿದ್ದ ಮಾತ್ರಕ್ಕೆ ಎಂಜಿನ್ನು ನಿರ್ದೋಷಿಯಲ್ಲ. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರು ಆ ಹೊಗೆಯ ಬಹುಭಾಗವನ್ನು ತಾನೇ ಸುಟ್ಟು ಮರೆಮಾಡುತ್ತದೆ, ಮತ್ತು ಆಯಿಲಿನಲ್ಲಿರುವ ರಂಜಕದಿಂದ ತಾನೂ ಕ್ರಮೇಣ ಕೆಡುತ್ತದೆ.

ಈ ಪ್ರಶ್ನೆಯನ್ನು ಸಾರ್ವಜನಿಕವಾಗಿ ಕಟಕಟೆಗೆ ತಂದದ್ದು ಅಮೆರಿಕದ ಗ್ರಾಹಕರು. ಟೊಯೋಟದ 2007ರಿಂದ 2009ರವರೆಗಿನ ಕ್ಯಾಮ್ರಿ ಮೊದಲಾದ ಕಾರುಗಳ ಎಂಜಿನ್ನುಗಳು ಎಣ್ಣೆ ತಿನ್ನತೊಡಗಿದಾಗ, ಸಂಸ್ಥೆಯು 2011ರಲ್ಲಿ ತನ್ನ ವರ್ಕ್‌ಶಾಪುಗಳಿಗೆ ಸೂಚನೆ ಕಳುಹಿಸಿ, ಬದಲಿಸಿದ ವಿನ್ಯಾಸದ ಪಿಸ್ಟನ್ನುಗಳನ್ನು ಹಾಕಲು ಏರ್ಪಾಡು ಮಾಡಿತು; ಮುಂದೆ ಅದಕ್ಕೆ ಖಾತರಿಯನ್ನೂ ವಿಸ್ತರಿಸಿತು. ಹೋಂಡಾದ ವಿ6 ಎಂಜಿನ್ನುಗಳಲ್ಲಿ, ಪೆಟ್ರೋಲು ಉಳಿಸಲೆಂದು ನಡುದಾರಿಯಲ್ಲಿ ಕೆಲವು ಸಿಲಿಂಡರುಗಳನ್ನು ನಿದ್ರೆಗೆ ಕಳುಹಿಸುವ ವ್ಯವಸ್ಥೆಯಿತ್ತು. ಎಣ್ಣೆ ಏರಿ ಸ್ಪಾರ್ಕ್ ಪ್ಲಗ್ಗುಗಳು ಮಸಿಯಾಗಿ ಎಂಜಿನ್ನು ತಡವರಿಸುತ್ತದೆಂಬ ದಾವೆ 2013ರಲ್ಲಿ ರಾಜಿಯಾಯಿತು. ಸುಬಾರುವಿನ ಮೇಲೆ 2014ರಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯು 2016ರಲ್ಲಿ ಇತ್ಯರ್ಥವಾಗಿ, ಐದು ವರ್ಷ ಅಥವಾ 60,000 ಮೈಲಿಯ ಖಾತರಿ ಎಂಟು ವರ್ಷ ಅಥವಾ 1,00,000 ಮೈಲಿಗೆ ಏರಿತು. ಎಲ್ಲಕ್ಕಿಂತ ಗಮನಾರ್ಹವಾದದ್ದು ಜನರಲ್ ಮೋಟರ್ಸಿನ 5.3 ಲೀಟರ್ ವಿ8 ಎಂಜಿನ್ನಿನ ವಿಚಾರ. 2011ರಿಂದ 2014ರವರೆಗಿನ ದೊಡ್ಡ ಪಿಕಪ್ಪುಗಳಲ್ಲಿಯೂ ಎಸ್‌ಯುವಿಗಳಲ್ಲಿಯೂ ಇದ್ದ ಈ ಎಂಜಿನ್ನಿನ ಬಗೆಗೆ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿಯು 2022ರ ಅಕ್ಟೋಬರಿನಲ್ಲಿ ಗಾಡಿಯೊಂದಕ್ಕೆ 2,700 ಡಾಲರಿನಂತೆ, ಒಟ್ಟು ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಕೊಡಬೇಕೆಂದು ಹೇಳಿತು.

ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯು 2010ರಿಂದ 2014ರವರೆಗಿನ ಮಾದರಿಗಳ 4,98,900 ವಾಹನಗಳ ಸಮೀಕ್ಷೆ ನಡೆಸಿ ಕಂಡ ಸಂಗತಿಯೂ ಸಮಚಿತ್ತದಿಂದ ಓದತಕ್ಕದ್ದು: ಹೊಸ ಕಾರುಗಳ ಬಹುಪಾಲು ಈ ವ್ಯಾಧಿಯಿಲ್ಲದೆ ಓಡುತ್ತವೆ, ತೊಂದರೆಯು ಕೆಲವೇ ಎಂಜಿನ್ನುಗಳಲ್ಲಿ ಗುಂಪುಗೂಡಿದೆ. ‘ಈಗಿನ ಕಾರುಗಳೆಲ್ಲ ಹೀಗೆಯೇ’ ಎಂಬ ಸಮಜಾಯಿಷಿ ಹಾಗಾದರೆ ನಿಲ್ಲುವುದಿಲ್ಲ. ನೆರೆಯವನ ಅದೇ ವಯಸ್ಸಿನ ಕಾರು ವರ್ಷವೆಲ್ಲ ಒಂದು ಚಮಚವನ್ನೂ ಕೇಳದಿರುವಾಗ ನನ್ನದು ತಿಂಗಳಿಗೊಂದು ಡಬ್ಬವನ್ನು ಕೇಳಿದರೆ ಅದನ್ನು ಸ್ವಭಾವವೆನ್ನಲಾಗದು.

ನಮ್ಮ ಊರುಗಳ ಸ್ಥಿತಿಗೆ ಬಂದಾಗ ಇನ್ನೊಂದು ತೊಡಕನ್ನು ಗಮನಿಸಬೇಕು. ತಯಾರಕರ ಮಿತಿ ಕಿಲೋಮೀಟರಿನ ಲೆಕ್ಕದ್ದು, ಎಂಜಿನ್ನು ದುಡಿಯುವುದು ಗಂಟೆಯ ಲೆಕ್ಕದಲ್ಲಿ. ಸಿಲ್ಕ್‌ಬೋರ್ಡಿನಲ್ಲಿಯೋ ಹೆಬ್ಬಾಳದಲ್ಲಿಯೋ ನಿಂತು ನಿಂತು ಸಾಗುವ ಬೆಂಗಳೂರಿನ ಕಾರು ಗಂಟೆಗೆ ಸರಾಸರಿ 18 ಕಿಲೋಮೀಟರು ಹೋಯಿತೆಂದರೆ, 10,000 ಕಿಲೋಮೀಟರಾಗುವಾಗ ಎಂಜಿನ್ನು 550 ಗಂಟೆಗೂ ಮೀರಿ ತಿರುಗಿರುತ್ತದೆ. ಹೆದ್ದಾರಿಯಲ್ಲಿ 60ರ ಸರಾಸರಿಯಲ್ಲಿ ಹೋಗುವ ಕಾರಿಗೆ ಅದೇ ದೂರಕ್ಕೆ 170 ಗಂಟೆ ಸಾಕು. ನಗರದ ಕಾರಿನ ಆಯಿಲನ್ನು ಓಡೋಮೀಟರು ಹೇಳುವುದಕ್ಕಿಂತ ಮುಂಚೆಯೇ ಬದಲಿಸುವುದು ಒಳ್ಳೆಯದೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ. ಹಕ್ಕಳೆ ಕಟ್ಟದಂತೆ ನೋಡಿಕೊಳ್ಳುವ ಉಪಾಯಗಳಲ್ಲಿ ಇದರಷ್ಟು ಸುಲಭವಾದದ್ದು ಬೇರಿಲ್ಲ. ಅಲ್ಲದೆ, ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ನು ಪೂರ್ತಿ ಬಿಸಿಯೇರದೆ, ಉರಿಯದ ಪೆಟ್ರೋಲು ರಿಂಗು ದಾಟಿ ಕೆಳಗಿಳಿದು ಆಯಿಲಿನೊಡನೆ ಬೆರೆಯುವುದುಂಟು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇದು ಹೆಚ್ಚು. ಆಗ ಒಂದು ಕಡೆ ಆಯಿಲ್ ಸುಡುತ್ತಿದ್ದರೂ ಇನ್ನೊಂದು ಕಡೆ ಪೆಟ್ರೋಲು ಸೇರಿ, ಕಡ್ಡಿಯ ಮೇಲೆ ಮಟ್ಟ ಇಳಿಯದಂತೆ ತೋರುತ್ತದೆ. ಇದ್ದಕ್ಕಿದ್ದಂತೆ ಒಂದು ದಿನ ದೂರದ ಊರಿಗೆ ಹೊರಟು ಎರಡು ಗಂಟೆ ಹೆದ್ದಾರಿಯಲ್ಲಿ ಓಡಿದರೆ ಆ ಪೆಟ್ರೋಲು ಆವಿಯಾಗಿ ನಿಜವಾದ ಮಟ್ಟ ಬೆಳಕಿಗೆ ಬರುತ್ತದೆ. ಊರೊಳಗೆ ಸರಿಯಿದ್ದ ಗಾಡಿ ಪ್ರಯಾಣದ ನಡುವೆಯೇ ಕೈಕೊಡುವ ರಹಸ್ಯಗಳಲ್ಲಿ ಇದೂ ಒಂದು.

ಕೆಂಪು ದೀಪವನ್ನು ನಂಬಿ ಕುಳಿತವರು ಬಹಳ ಮಂದಿ. ಅವರಿಗೆ ಒತ್ತಿ ಹೇಳಬೇಕಾದದ್ದೇನೆಂದರೆ, ಆ ದೀಪ ತೋರಿಸುವುದು ಎಣ್ಣೆಯ ಪ್ರಮಾಣವನ್ನಲ್ಲ, ಎಣ್ಣೆಯ ಒತ್ತಡವನ್ನು. ಪಂಪು ಗಾಳಿಯನ್ನು ಹೀರತೊಡಗಿ ಒತ್ತಡವೇ ಬಿದ್ದುಹೋದ ಮೇಲೆ ಅದು ಹತ್ತುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದಾಗ ಹತ್ತಿ ಆರುವುದೆಂದರೆ ಅಪಾಯವು ಹೊಸಿಲ ಮೇಲೆ ಬಂದು ನಿಂತಿದೆಯೆಂದರ್ಥ. ಆ ಕ್ಷಣದಲ್ಲಿಯೇ ಗಾಡಿಯನ್ನು ಬದಿಗೆ ತಂದು ಎಂಜಿನ್ ಆರಿಸತಕ್ಕದ್ದು. ನಾವು ಜಾಗವಿಲ್ಲವೆಂದು ಗುಂಡ್ಯದವರೆಗೆ ಇಳಿದೆವು. ಬೇರಿಂಗುಗಳು ಉಳಿದದ್ದು ನಮ್ಮ ಪುಣ್ಯ.

ಆದುದರಿಂದ ಕಡ್ಡಿಯೇ ಪ್ರಮಾಣ. ಅದನ್ನು ಓದುವುದಕ್ಕೂ ಒಂದು ಶಿಸ್ತು ಬೇಕು. ನೆಲ ಸಮವಾಗಿರಬೇಕು, ಪ್ರತಿಸಲವೂ ಅದೇ ಜಾಗವಾದರೆ ಉತ್ತಮ; ಎಂಜಿನ್ನು ಬಿಸಿಯೇರಿ ಓಡಿ ನಿಂತ ಮೇಲೆ ಐದರಿಂದ ಹತ್ತು ನಿಮಿಷ ಕಾಯಬೇಕು, ಪ್ರತಿಸಲವೂ ಅಷ್ಟೇ ಹೊತ್ತು. ಮೇಲಿನ ಗುರುತಿಗೆ ಸರಿಯಾಗಿ ತುಂಬಿ, ಓಡೋಮೀಟರಿನ ಅಂಕೆಯನ್ನೂ ತಾರೀಖನ್ನೂ ಬರೆದುಕೊಳ್ಳಬೇಕು. ಸಾವಿರ ಕಿಲೋಮೀಟರಾದ ಮೇಲೆ, ಅಳತೆಯ ಗೆರೆಗಳಿರುವ ಪಾತ್ರೆಯಿಂದ ಹಾಕುತ್ತ, ಮತ್ತೆ ಅದೇ ಗುರುತಿಗೆ ಬರಲು ಎಷ್ಟು ಮಿಲಿಲೀಟರು ಬೇಕಾಯಿತೆಂಬುದನ್ನು ಬರೆಯಬೇಕು. ಎರಡು ಗುರುತುಗಳ ನಡುವಿನ ಅಂತರ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರು. ಗುರುತನ್ನು ಮೀರಿ ತುಂಬುವುದೂ ತಪ್ಪೇ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸಿ, ಹೆಚ್ಚಾದದ್ದು ಹಬೆಯ ದಾರಿಯಲ್ಲಿ ಸುಡಲು ಹೋಗುತ್ತದೆ. ಕೆಲವು ದುಬಾರಿ ಕಾರುಗಳಲ್ಲಿ ಕಡ್ಡಿಯನ್ನೇ ತೆಗೆದುಹಾಕಿ ಪರದೆಯ ಮೇಲೊಂದು ಚಿತ್ರವನ್ನು ಕೊಟ್ಟಿದ್ದಾರೆ. ಮಾಲೀಕನ ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ಕಿತ್ತುಕೊಂಡಂತಾಯಿತಲ್ಲ ಎಂದು ನನಗೆ ವ್ಯಥೆಯಾಗುತ್ತದೆ.

ಭಾವನವರು ಮೇಷ್ಟರಾಗಿದ್ದವರು; ನೋಟ್‌ಬುಕ್ ಇಡುವುದು ಅವರಿಗೆ ಹೊಸದಲ್ಲ. ಸರ್ವಿಸ್ ಸೆಂಟರಿಗೆ ಮೊದಲ ಸಲ ಹೋದಾಗ, “ಸರ್, ಟರ್ಬೊ ಗಾಡಿ ಅಲ್ಲವಾ, ಸ್ವಲ್ಪ ಟಾಪ್ ಅಪ್ ಬೇಕಾಗುತ್ತೆ, ಕಂಪನಿ ಲಿಮಿಟ್ ಒಳಗೇ ಇದೆ” ಎಂಬ ಉತ್ತರ ಬಂದಿತ್ತು. ಲಿಮಿಟ್ ಎಷ್ಟೆಂದು ಕೇಳಿದ್ದಕ್ಕೆ ಕೌಂಟರಿನ ಹುಡುಗನಿಗೆ ತಿಳಿಯದು. ಒಳಗಿನಿಂದ ಬಂದ ಹಿರಿಯನೊಬ್ಬ, ಸಾವಿರಕ್ಕೆ ಅರ್ಧ ಲೀಟರೆಂದ. ಮೂರು ಸಾವಿರ ಕಿಲೋಮೀಟರು ಅಳೆದು ಹೋದಾಗ ನೋಟ್‌ಬುಕ್ಕಿನಲ್ಲಿ 560, 590, 620 ಎಂಬ ಮೂರು ಅಂಕೆಗಳಿದ್ದವು. ಸೆಂಟರಿನವರು ಚೇಂಬರಿನ ಬೋಲ್ಟಿಗೂ ಫಿಲ್ಟರಿಗೂ ಕಡ್ಡಿಗೂ ಬಣ್ಣದ ಗುರುತಿಟ್ಟು ತಾವೇ ಒಂದು ಸಾವಿರ ಕಿಲೋಮೀಟರಿನ ಪರೀಕ್ಷೆ ಮಾಡಿದರು, ಅಂಕೆ ಹೊಂದಿತು. ಪಿಸಿವಿ ವಾಲ್ವ್ ನೋಡಿದರು, ಸರಿಯಿತ್ತು. ಕಂಪ್ರೆಷನ್ ನೋಡಿ, ಅದೂ ಸರಿಯಿರುವುದರಿಂದ ರಿಂಗಿನಲ್ಲಿ ದೋಷವಿಲ್ಲವೆಂದರು. ಈ ಮಾತಿನಲ್ಲಿ ಅನೇಕರು ಮೋಸಹೋಗುತ್ತಾರೆ. ಕಂಪ್ರೆಷನ್ನನ್ನು ಹಿಡಿಯುವುದು ಮೇಲಿನೆರಡು ರಿಂಗುಗಳು. ಅವು ಗಟ್ಟಿಯಿದ್ದೂ ಕೆಳಗಿನ ಆಯಿಲ್ ರಿಂಗು ಮಾತ್ರ ಹಿಡಿದುಕೊಂಡಿರಬಹುದು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮರಾ ಇಳಿಸಿ ನೋಡಿದರೆ, ಪಿಸ್ಟನ್ನಿನ ತಲೆಯ ಅಂಚು ಎಣ್ಣೆಯಿಂದ ತೊಳೆದಂತೆ ಹೊಳೆಯುತ್ತಿರುವುದು ಇದಕ್ಕೆ ಒಳ್ಳೆಯ ಸಾಕ್ಷಿ.

ಚಿಕಿತ್ಸೆಯ ವಿಚಾರದಲ್ಲಿ ಏರುಕ್ರಮವೊಂದಿದೆ. ಸೋರುವಿಕೆಯೂ ಪಿಸಿವಿಯೂ ಇಲ್ಲವೆಂದಾದ ಮೇಲೆ, ಕೈಪಿಡಿಯೇ ಒಪ್ಪುವ ಪಟ್ಟಿಯೊಳಗೆ ಸ್ವಲ್ಪ ದಪ್ಪನೆಯ, ಆವಿಯಾಗುವ ಪ್ರಮಾಣ ಕಡಮೆಯಿರುವ ಆಯಿಲನ್ನು ಹಾಕಿ ನೋಡಬಹುದು. ಪಟ್ಟಿಯನ್ನು ಮೀರಿದರೆ ಖಾತರಿಯ ಮಾತು ಬಂದಾಗ ಅದನ್ನೇ ನೆಪ ಮಾಡಿಯಾರು. ರಿಂಗು ಇನ್ನೂ ಪೂರ್ತಿ ಹಿಡಿದಿರದಿದ್ದರೆ, ಪ್ಲಗ್ಗಿನ ರಂಧ್ರದಿಂದ ಹಕ್ಕಳೆ ಕರಗಿಸುವ ದ್ರಾವಣವನ್ನು ಸುರಿದು ಕೆಲವು ಗಂಟೆ ನೆನೆಯಲು ಬಿಡುವ ಪದ್ಧತಿಯುಂಟು. ಕೆಲವು ತಯಾರಕರೇ ಇದನ್ನು ಮೊದಲ ಹೆಜ್ಜೆಯೆಂದು ಒಪ್ಪಿದ್ದಾರೆ. ಫಲ ಕೆಲವೊಮ್ಮೆ ದೊರೆಯುತ್ತದೆ, ಕೆಲವೊಮ್ಮೆ ಎರಡು ಮೂರು ತಿಂಗಳಲ್ಲಿ ಕರಗಿಹೋಗುತ್ತದೆ. ಅಂಗಡಿಗಳಲ್ಲಿ ಮಾರುವ, ಎಣ್ಣೆಯನ್ನು ಗಟ್ಟಿಮಾಡುವ ಸೀಸೆಗಳು ಮಾಡುವುದು ರೋಗವನ್ನು ಮುಚ್ಚುವ ಕೆಲಸ. ಹೊಸ ಕಾರಿಗೆ ಅವನ್ನು ಹಾಕಬಾರದೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ಕಡೆಯ ಉಪಾಯ ಎಂಜಿನ್ ಇಳಿಸಿ ಪಿಸ್ಟನ್ನು ಮತ್ತು ರಿಂಗುಗಳನ್ನು ಬದಲಿಸುವುದು. ಇದು ಖಾತರಿಯೊಳಗೆ ಆಗಬೇಕಾದದ್ದು, ಆಗದಿದ್ದರೆ ಮಧ್ಯಮವರ್ಗದ ಮನೆಯೊಂದಕ್ಕೆ ಭಾರವಾದ ವೆಚ್ಚ.

ಕಾನೂನಿನ ಆಸರೆ ನಮ್ಮಲ್ಲಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಜಿಲ್ಲಾ ಆಯೋಗಕ್ಕೆ, ದೋಷವು ಪರೀಕ್ಷೆಯಿಲ್ಲದೆ ನಿರ್ಣಯವಾಗದೆಂದು ಕಂಡಾಗ ವಸ್ತುವನ್ನು ತಕ್ಕ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರವನ್ನು ಕೊಟ್ಟಿದೆ. ದೂರು ಕೊಡಲು ವ್ಯಾಜ್ಯದ ಕಾರಣವುಂಟಾದಂದಿನಿಂದ ಎರಡು ವರ್ಷದ ಅವಧಿಯಿದೆ. 1915 ಎಂಬ ಸಹಾಯವಾಣಿಗೆ ಯಾರು ಬೇಕಾದರೂ ಫೋನು ಮಾಡಬಹುದು. ಆದರೆ ಅಲ್ಲಿಯೂ ಕೇಳುವುದು ಲೆಕ್ಕವನ್ನು. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿನ ದೂರಿಗೆ ಬೆಲೆಯಿಲ್ಲ; ಪ್ರತಿಸಲವೂ ‘ಆಯಿಲ್ ಕಡಮೆಯಾಗುತ್ತಿದೆ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು, ಖಾತರಿ ಮುಗಿಯುವ ಮೊದಲೇ ಬರೆಸಬೇಕು. ನನ್ನ ಮಟ್ಟಿಗೆ, ತಯಾರಕರು ತಮ್ಮ ಮಿತಿಯನ್ನು ಕೈಪಿಡಿಯ ಹಿಂದಿನ ಪುಟದಲ್ಲಿ ಅಡಗಿಸದೆ, ಮೈಲೇಜಿನ ಅಂಕೆಯ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ, ಮಾರುವ ಮುಂಚೆಯೇ ಮುದ್ರಿಸಬೇಕೆಂದು ಸರ್ಕಾರವು ವಿಧಿಸಬೇಕು. ಕೊಳ್ಳುವವನು ಎರಡು ಅಂಕೆಗಳನ್ನೂ ಒಟ್ಟಿಗೆ ನೋಡಿ ಆರಿಸಿಕೊಳ್ಳಲಿ.

ಭಾವನವರ ಎಂಜಿನ್ನನ್ನು ಕಡೆಗೆ, ವಿಸ್ತರಿಸಿದ ಖಾತರಿಯಲ್ಲಿ, ಬಿಚ್ಚಿದರು. ಅಂದು ನಾನೂ ಹೋಗಿದ್ದೆ. ಮೂರು ಪಿಸ್ಟನ್ನುಗಳನ್ನು ತಗಡಿನ ಟ್ರೇಯಲ್ಲಿ ಸಾಲಾಗಿ ಇಟ್ಟಿದ್ದರು. ತಲೆಯ ಮೇಲೆ ಕರಿಯ ಹಕ್ಕಳೆ, ಅಂಚಿನಲ್ಲಿ ತೊಳೆದ ಹೊಳಪು. ಮೆಕ್ಯಾನಿಕ್ ಹುಡುಗನು ಮೇಲಿನ ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟ, ಅದು ಪಟ್ಟನೆ ಚಿಮ್ಮಿತು. ಆಯಿಲ್ ರಿಂಗನ್ನು ಒತ್ತಿದ, ಅದು ಒಳಗೇ ಉಳಿಯಿತು. ಸೂಜಿಯೊಂದನ್ನು ತೆಗೆದುಕೊಂಡು ತೋಡಿನ ಹಿಂದಿನ ರಂಧ್ರಗಳನ್ನು ಒಂದೊಂದಾಗಿ ಚುಚ್ಚಿ ತೋರಿಸಿದ. ಮಸಿಯ ಪುಡಿ ಟ್ರೇಯ ಮೇಲೆ ಉದುರಿತು, ಎರಡು ರಂಧ್ರಗಳೊಳಗೆ ಸೂಜಿ ಹೋಗಲೇ ಇಲ್ಲ. ಭಾವನವರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಹೊಸ ಪಿಸ್ಟನ್ನುಗಳು ಕೂತ ಮೇಲೆ ಮೊದಲ ಸಾವಿರ ಕಿಲೋಮೀಟರು, ರಿಂಗು ಗೋಡೆಗೆ ಹೊಂದಲೆಂದು, ಒಂದೇ ವೇಗದಲ್ಲಿ ಎಳೆಯದೆ, ಏರಿಸುತ್ತ ಇಳಿಸುತ್ತ ಓಡಿಸಿದರು. ಸೀಟಿನ ಪಕ್ಕದ ಖಾನೆಯಲ್ಲಿ, ರಬ್ಬರ್ ಬ್ಯಾಂಡು ಹಾಕಿದ ಆ ನೋಟ್‌ಬುಕ್ಕು ಈಗಲೂ ಇದೆ. ಕಳೆದ ಸಲ ನಾನು ನೋಡಿದಾಗ ಅದರ ಕೊನೆಯ ಸಾಲು ಹೀಗಿತ್ತು: 32,400; ಮೇಲಿನ ಗುರುತಿಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗೆ; ಹಾಕಿದ್ದು ಇಲ್ಲ.